ಓದಲಾರದವರು ಯಾರು? ಡೊನ್ನಾ ಆಲ್ವರ್ಮನ್ ಅವರ ಚಿಂತನೆ ಮತ್ತು ಗುಂಡ್ಲುಪೇಟೆಯ ಪ್ರೌಢಶಾಲೆ

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಶಿಕ್ಷಕರನ್ನು ಸಿದ್ಧಗೊಳಿಸಿದ ಡೊನ್ನಾ ಆಲ್ವರ್ಮನ್ ಅವರ ವೃತ್ತಿಜೀವನವನ್ನು ಒಂದೇ ಪ್ರಶ್ನೆಯ ಸುತ್ತ ಇರಿಸಿ ನೋಡಬಹುದು: ಹದಿಹರೆಯದ ವಿದ್ಯಾರ್ಥಿ ಪಠ್ಯದ ಮುಂದೆ ಸೋತಾಗ ನಿಜವಾಗಿ ಸೋತವರು ಯಾರು? 1992ರಿಂದ 1997ರವರೆಗೆ ಅಲ್ಲಿನ ರಾಷ್ಟ್ರೀಯ ವಾಚನ ಸಂಶೋಧನ ಕೇಂದ್ರದ ಸಹನಿರ್ದೇಶಕರಾಗಿದ್ದ ಅವರು, ಹದಿಹರೆಯದವರ ಬದುಕಿನಲ್ಲಿರುವ ಬಹುಬಗೆಯ ಸಾಕ್ಷರತೆಗಳನ್ನು ಕುರಿತು 1998ರಲ್ಲಿ ಇತರರೊಡನೆ ಒಂದು ಸಂಪುಟವನ್ನು ಸಂಪಾದಿಸಿದರು. 2002ರಲ್ಲಿ ಅದೇ ವಯೋಮಾನದವರ ಬೋಧನೆಯನ್ನು ಕುರಿತು ವಿಸ್ತೃತ ಲೇಖನವೊಂದನ್ನು ಪ್ರಕಟಿಸಿದರು. ‘ಓದಲು ತಿಣುಕುವವನು’ ಎಂಬ ಹಣೆಪಟ್ಟಿಯನ್ನು ಬಹುಮಟ್ಟಿಗೆ ಶಾಲೆಯ ಸಂಸ್ಕೃತಿಯೇ ತಯಾರಿಸುತ್ತದೆ, ಶಾಲೆಯ ಹೊರಗೆ ಅದೇ ಹುಡುಗ ಬೇರೆ ಬಗೆಯ ಪಠ್ಯಗಳನ್ನು ಚೆನ್ನಾಗಿಯೇ ಓದುತ್ತಿರಬಹುದು ಎಂಬುದು ಅವರ ವಾದದ ತಿರುಳು.

ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಗೆ, ಅದರಲ್ಲೂ ತಮಿಳುನಾಡು ಮತ್ತು ಕೇರಳಗಳೆರಡಕ್ಕೂ ತಗುಲಿಕೊಂಡಿರುವ ಗುಂಡ್ಲುಪೇಟೆ ತಾಲ್ಲೂಕಿಗೆ ಇದನ್ನು ತಂದು ನೋಡಿದಾಗ, ಅದರಲ್ಲಿ ಭಾಷಾವಿಜ್ಞಾನಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ಎದ್ದು ಕಾಣುತ್ತದೆ. ಆಲ್ವರ್ಮನ್ ಅವರಿಗೆ ಮನೆಯ ಭಾಷೆ ಮತ್ತು ಪಠ್ಯದ ಭಾಷೆಗಳ ನಡುವಣ ಅಂತರ ಪ್ರಧಾನವಾಗಿ ಅಸ್ಮಿತೆಯ ಪ್ರಶ್ನೆ. ನಮ್ಮಲ್ಲಿ ಅದು ಅಸ್ಮಿತೆಯ ಪ್ರಶ್ನೆಯಾಗುವುದಕ್ಕೂ ಮೊದಲು ಧ್ವನಿ, ಪದ ಮತ್ತು ವಾಕ್ಯಗಳ ಮಟ್ಟದಲ್ಲಿ ಎಣಿಸಿ ತೋರಿಸಬಹುದಾದ ಅಂತರ.

ಕನ್ನಡ ಓದಿನ ಸಂಶೋಧನೆ ಈ ಅಂತರವನ್ನು ಎಲ್ಲಿಯವರೆಗೆ ಹಿಂಬಾಲಿಸಿದೆ? ಸೊನಾಲಿ ನಾಗ್ ಅವರ 2007ರ ಅಧ್ಯಯನ, ಕನ್ನಡದ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲವೆಂದು ತೋರಿಸಿ ದೊಡ್ಡ ಉಪಕಾರ ಮಾಡಿತು. ನೆರೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿ ಕಿರಿಯ ತರಗತಿಗಳ ಚಹರೆಯನ್ನೇ ಬದಲಿಸಿತು. ಆಮೇಲಿನದು ಬಹುಮಟ್ಟಿಗೆ ಮೌನ. ಅಕ್ಷರ ಬಂದ ಮೇಲೆ ಓದು ತಾನಾಗಿ ಬರುತ್ತದೆಂಬ ನಂಬಿಕೆಯೇ ಈ ಮೌನದ ಆಧಾರ.

ಎಂಟು, ಒಂಬತ್ತು, ಹತ್ತನೆಯ ತರಗತಿಗಳ ವಿಜ್ಞಾನದಲ್ಲಿ ಬರುವ ‘ದ್ಯುತಿಸಂಶ್ಲೇಷಣೆ’ ಎಂಬ ಒಂದೇ ಪದವನ್ನು ತೆಗೆದುಕೊಳ್ಳೋಣ. ಆರು ಅಕ್ಷರಗಳು, ಎರಡರಲ್ಲಿ ಒತ್ತು. ಪ್ರೌಢಶಾಲೆಯ ವಿದ್ಯಾರ್ಥಿ ಇದನ್ನು ತಡೆಯಿಲ್ಲದೆ ಉಚ್ಚರಿಸಬಲ್ಲ. ಉಚ್ಚರಿಸಿದ ಮಾತ್ರಕ್ಕೆ ಅವನ ಕೈಗೆ ಏನೂ ಸಿಗುವುದಿಲ್ಲ. ‘ದ್ಯುತಿ’ ಎಂದರೆ ಬೆಳಕು. ಆದರೆ ಅದೇ ವಿಷಯದ ಭೌತವಿಜ್ಞಾನ ಭಾಗದಲ್ಲಿ ಬೆಳಕನ್ನು ಬೆಳಕೆಂದೇ ಕರೆಯಲಾಗುತ್ತದೆ. ಬಂಡೀಪುರದ ಕಾಡು ದಾಟಿ ತೆಂಕಣಕ್ಕೆ ಇಳಿದರೆ ತಮಿಳಿನ ವಿದ್ಯಾರ್ಥಿಗೆ ಇದು ‘ಒಳಿಚ್ಚೇರ್ಕ್ಕೈ’: ಒಳಿ ಎಂದರೆ ಬೆಳಕು, ಉಳಿದದ್ದು ಸೇರಿಕೆ, ಎರಡೂ ಅವನ ಮನೆಯ ಮಾತುಗಳು. ವಯನಾಡಿನತ್ತ ತಿರುಗಿದರೆ ‘ಪ್ರಕಾಶಸಂಶ್ಲೇಷಣಂ’. ಅದರ ಉತ್ತರಾರ್ಧ ನಮ್ಮದರಷ್ಟೇ ಕಠಿಣ, ಆದರೆ ಪೂರ್ವಾರ್ಧದಲ್ಲಿ ಒಂದು ಹಿಡಿ ಇದೆ. (ನಮ್ಮ ವಿದ್ಯಾರ್ಥಿಗೂ ಪ್ರಕಾಶ ಗೊತ್ತು; ಪಕ್ಕದ ಬೆಂಚಿನಲ್ಲೇ ಒಬ್ಬ ಪ್ರಕಾಶ ಕುಳಿತಿರುತ್ತಾನೆ.) ಮೂರು ರಾಜ್ಯಗಳು ಕೂಡುವ ಈ ನೆಲದಲ್ಲಿ ಒಂದೇ ಪಾಠದ ಅರ್ಥಭಾರ ಮೂರು ತೂಕದ್ದಾಗಿದೆ.

ಇಲ್ಲಿ ಡಿ.ಎನ್. ಶಂಕರ ಬಟ್ ಅವರ ನೆನಪಾಗದಿರದು. ಮಹಾಪ್ರಾಣಗಳನ್ನೂ ಷಕಾರವನ್ನೂ ಕೈಬಿಡಬೇಕೆಂಬ ಅವರ ಸಲಹೆಯ ಸುತ್ತ ನಡೆದ ಗದ್ದಲದಲ್ಲಿ ಅವರ ಪದರಚನೆಯ ವಿಚಾರಗಳು ಹಿಂದೆ ಸರಿದದ್ದು ದುರದೃಷ್ಟಕರ. ನಮ್ಮ ಉದಾಹರಣೆಯಲ್ಲಿ ಒಂದೂ ಮಹಾಪ್ರಾಣವಿಲ್ಲ. ಷಕಾರವನ್ನು ಶಕಾರ ಮಾಡಿದರೂ ಪದ ಇದ್ದಷ್ಟೇ ಅಪಾರದರ್ಶಕ. ಹದಿಹರೆಯದ ಓದುಗನ ತೊಡಕು ಲಿಪಿಯಲ್ಲಿಲ್ಲ, ಆಕೃತಿಮೆಯಲ್ಲಿದೆ.

ಧ್ವನಿಯ ಮಟ್ಟದಲ್ಲಿ ಇನ್ನೊಂದು ಬಗೆಯ ಅನ್ಯಾಯ ನಡೆಯುತ್ತದೆ. ಈ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರ ಸಾಮಾನ್ಯವಾಗಿ ಲುಪ್ತ: ಹಾಲು ‘ಆಲು’, ಹತ್ತಿ ‘ಅತ್ತಿ’; ಹೊಲ ‘ವಲ’ವೂ ಆಗಬಹುದು. ‘ಹತ್ತಿ’ ಎಂದು ಬರೆದದ್ದನ್ನು ‘ಅತ್ತಿ’ ಎಂದು ಓದಿದ ಹುಡುಗಿ ತಪ್ಪು ಓದಿಲ್ಲ. ಪದವನ್ನು ಗುರುತಿಸಿ ತನ್ನ ಧ್ವನಿವ್ಯವಸ್ಥೆಗೆ ಅನುವಾದಿಸಿಕೊಂಡಿದ್ದಾಳೆ. ಗ್ರಹಿಕೆ ನಡೆದಿರುವುದಕ್ಕೆ ಅದೇ ಸಾಕ್ಷಿ. ಶಿಕ್ಷಕರು ಅಲ್ಲಿ ತಡೆದು ಉಚ್ಚಾರವನ್ನು ತಿದ್ದಿದರೆ ವಾಕ್ಯದ ಎಳೆ ಹರಿಯುತ್ತದೆ. ಅಂಜಿದ ವಿದ್ಯಾರ್ಥಿ ಇಲ್ಲದ ಕಡೆ ಹಕಾರ ಸೇರಿಸಿ, ‘ಆದರದ ಸ್ವಾಗತ’ವನ್ನು ಬೇರೊಂದು ಸ್ವಾಗತವನ್ನಾಗಿ ಮಾಡಿ ವೇದಿಕೆಯ ನಗೆಗೆ ಗುರಿಯಾಗುತ್ತಾನೆ. ಯು.ಪಿ. ಉಪಾಧ್ಯಾಯರು ಪಕ್ಕದ ನಂಜನಗೂಡಿನ ಒಕ್ಕಲಿಗ ಉಪಭಾಷೆಯ ವರ್ಣನೆಯನ್ನು 1968ರಲ್ಲೇ ಪ್ರಕಟಿಸಿದ್ದರು. ಅಂಥ ವರ್ಣನೆಗಳು ಭಾಷಾವಿಜ್ಞಾನದ ಗ್ರಂಥಾಲಯದಿಂದ ಶಿಕ್ಷಕರ ತರಬೇತಿಯ ಕೋಣೆಗೆ ದಾಟಲಿಲ್ಲ. ಇದರಲ್ಲಿ ಶಿಕ್ಷಣಶಾಸ್ತ್ರಜ್ಞರಿಗಿಂತ ನಮ್ಮ ಪಾಲೇ ಹೆಚ್ಚು: ವರ್ಣಿಸಿದೆವು, ಕೈದಾಟಿಸಲಿಲ್ಲ.

ಆಲ್ವರ್ಮನ್ ಅವರ ಪ್ರಶ್ನೆಗೆ ಕನ್ನಡದಲ್ಲಿ ಸಿಗುವ ಅತ್ಯುತ್ತಮ ಪುರಾವೆ ಯಾವುದೋ ಪರೀಕ್ಷೆಯ ಫಲಿತಾಂಶವಲ್ಲ, ದೇವನೂರ ಮಹಾದೇವರ ‘ಕುಸುಮಬಾಲೆ’. 1984ರಲ್ಲಿ ಪ್ರಕಟವಾಗಿ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ ನಂಜನಗೂಡು–ಚಾಮರಾಜನಗರ ಸೀಮೆಯ ನುಡಿಯಲ್ಲಿದೆ. ಅದರ ಬಗ್ಗೆ ವಿದ್ಯಾವಂತ ಓದುಗರು ಆಡಿದ ಮೊದಲ ದೂರು, ‘ಅರ್ಥವಾಗುವುದಿಲ್ಲ’ ಎಂಬುದು. ಪುಟಗಟ್ಟಲೆ ಶಿಷ್ಟ ಗದ್ಯವನ್ನು ಲೀಲೆಯಿಂದ ಓದುವವರು ಇಲ್ಲಿ ಪದ ಪದಕ್ಕೂ ನಿಂತರು, ಗಟ್ಟಿಯಾಗಿ ಓದಿಕೊಂಡರು, ಪಕ್ಕದವರನ್ನು ಕೇಳಿದರು. ಅವರನ್ನು ಯಾರೂ ಓದಲು ತಿಣುಕುವವರೆಂದು ಕರೆಯಲಿಲ್ಲ. ಕೃತಿಯನ್ನೇ ಕ್ಲಿಷ್ಟವೆಂದು ಕರೆದರು. ಗುಂಡ್ಲುಪೇಟೆಯ ಹುಡುಗ ವಿಜ್ಞಾನದ ಪುಟದ ಮುಂದೆ ಇದೇ ಸ್ಥಿತಿಯಲ್ಲಿದ್ದಾನೆ, ಆದರೆ ಕ್ಲಿಷ್ಟತೆಯ ಹೊಣೆ ಪುಸ್ತಕದ ಮೇಲೆ ಬೀಳುವುದಿಲ್ಲ. ಅಂತರ ಒಂದೇ, ಅದನ್ನು ಯಾವ ದಡದಿಂದ ಅಳೆಯುತ್ತೇವೆಂಬುದರ ಮೇಲೆ ಹಣೆಪಟ್ಟಿ ನಿರ್ಧಾರವಾಗುತ್ತದೆ.

ಶಾಲೆಯ ಹೊರಗಿನ ಸಾಕ್ಷರತೆಯ ಮಾತನ್ನು ಮಾತ್ರ ನಾವು ಇಲ್ಲಿಗೆ ಹಾಗೆಯೇ ತರಲಾರೆವು. ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯಗಳನ್ನು ರಾತ್ರಿಯಿಡೀ ಕೇಳಿದ ಪರಂಪರೆ ಈ ಜಿಲ್ಲೆಯದು. ದೀರ್ಘ ಕಥನವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲಿ ಕಿವಿಯಲ್ಲಿದೆ. ಅದನ್ನು ಸಾಕ್ಷರತೆಯೆಂದು ಕರೆದು ಸಂಭ್ರಮಿಸುವುದು ಸುಲಭ, ಆದರೆ ಕಂಸಾಳೆಯ ಕಥನವಾಕ್ಯ ಕ್ರಿಯೆಯಿಂದ ಕ್ರಿಯೆಗೆ ಸಾಗುತ್ತದೆ. ವಿಜ್ಞಾನದ ವಾಕ್ಯ ಕ್ರಿಯೆಗಳನ್ನು ನಾಮಪದಗಳೊಳಗೆ ಮಡಿಸಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ಸೇತುವೆ ತಾನಾಗಿ ಏಳದು. ಸೋಲಿಗ ನುಡಿಯನ್ನಾಡುವ ಮಕ್ಕಳು ಈ ಹಾದಿಯಲ್ಲಿ ಇನ್ನೂ ಒಂದು ಮೆಟ್ಟಿಲು ಹೆಚ್ಚು ಹತ್ತಬೇಕು.

ತಿಮೊತಿ ಮತ್ತು ಸಿಂಥಿಯಾ ಶಾನಹನ್ 2008ರಲ್ಲಿ, ಪ್ರತಿ ಶಾಸ್ತ್ರಕ್ಕೂ ಅದರದೇ ಓದಿನ ಕ್ರಮವಿದೆಯೆಂದು ವಾದಿಸಿದರು. ನಮ್ಮ ತರಬೇತಿಯಲ್ಲಿ ಕೆಲಸ ಹಂಚಿಕೆಯಾಗಿರುವುದು ಬೇರೆ ರೀತಿ: ಭಾಷೆ ಕನ್ನಡ ಶಿಕ್ಷಕರದು, ವಿಷಯ ಉಳಿದವರದು. ಕನ್ನಡದ ಅವಧಿಯಲ್ಲಿ ಸಮಾಸದ ಪಾಠ ನಡೆಯುತ್ತದೆ; ಅರಸನ ಮನೆ ಅರಮನೆ, ಕೆಂಪಾದ ತಾವರೆ ಕೆಂದಾವರೆ ಎಂದು ವಿದ್ಯಾರ್ಥಿ ಬಿಡಿಸಿ ಬರೆದು ಅಂಕ ಪಡೆಯುತ್ತಾನೆ. ಗಂಟೆ ಹೊಡೆಯುತ್ತದೆ, ವಿಜ್ಞಾನದ ಶಿಕ್ಷಕರು ಒಳಗೆ ಬಂದು ಕರಿಹಲಗೆಯ ಮೇಲೆ ದ್ಯುತಿಸಂಶ್ಲೇಷಣೆ ಎಂದು ಬರೆಯುತ್ತಾರೆ, ಅದನ್ನು ಬಿಡಿಸಿ ನೋಡಬಹುದೆಂದು ಆ ತರಗತಿಯಲ್ಲಿ ಯಾರಿಗೂ ತೋಚುವುದಿಲ್ಲ.