ಒಂಬತ್ತು ಲಕ್ಷ ಸೈನ್ಯ: ಹೊಟ್ಟೂರು ಶಾಸನ ಓದುವುದು ಹೇಗೆ?

ಚೋಳ–ಚಾಲುಕ್ಯರ ಮಾತು ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಹೊಟ್ಟೂರು ಶಾಸನದ ಪೋಸ್ಟರ್ ಓಡಾಡುತ್ತೆ. ತಡಸದವನಾದ ನನಗೆ ಇದು ನಮ್ಮ ಬಂಕಾಪುರ ಸೀಮೆಯ ಕಲ್ಲು ಅನ್ನೋ ಹೆಮ್ಮೆ ಇತ್ತು. ಎಪಿಗ್ರಾಫಿಯಾ ಇಂಡಿಕಾದ 16ನೇ ಸಂಪುಟದಲ್ಲಿ ಬಾರ್ನೆಟ್ ಕೊಟ್ಟ ಪಾಠವನ್ನು ಕೂತು ಓದಿದ ಮೇಲೆ ಹೆಮ್ಮೆಯ ಜೊತೆ ಅನುಮಾನವೂ ಹುಟ್ಟಿತು.

ಶಾಸನದ ಕಾಲ ಶಕ 929, ಅಂದರೆ ಕ್ರಿ.ಶ. 1007. ರಾಜರಾಜನ ಮಗ ಒಂಬತ್ತು ಲಕ್ಷ ಸೈನ್ಯದೊಂದಿಗೆ ಬಂದು ದೋಣೂರಿನಲ್ಲಿ ಬೀಡುಬಿಟ್ಟ, ನಾಡನ್ನು ಸೂರೆ ಮಾಡಿದ, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದ. 'ತಿಗುಳಮಾರಿ' ಸತ್ಯಾಶ್ರಯ ಅವನನ್ನು ಓಡಿಸಿದ ಅಂತ ಹೇಳುತ್ತೆ.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. ಸಾಲಿಗೆ ನಾಲ್ವರು, ಸಾಲಿನಿಂದ ಸಾಲಿಗೆ ಒಂದು ಮೀಟರ್ ಅಂದರೂ ಪಡೆ 225 ಕಿ.ಮೀ. ಉದ್ದ ಆಗುತ್ತೆ. ಹೆಚ್ಚು ಕಡಿಮೆ ತಡಸದಿಂದ ವಿಜಯಪುರದವರೆಗೆ! ಆನೆ, ಕುದುರೆ, ಅಕ್ಕಿಬೇಳೆಯ ಎತ್ತುಗಳು ಬೇರೆ. ಇದು ಎಣಿಸಿ ಬರೆದ ಸಂಖ್ಯೆ ಅಲ್ಲ. ಎದುರಾಳಿ ದೊಡ್ಡವನಾದಷ್ಟೂ ಗೆದ್ದವನು ದೊಡ್ಡವನಾಗುತ್ತಾನೆ.

ಇನ್ನು ತಂಜಾವೂರಿನ ದೊಡ್ಡ ಗುಡಿಗೆ ಬನ್ನಿ. ಅಲ್ಲಿನ ಶಾಸನದಲ್ಲಿ ರಾಜರಾಜ ಸತ್ಯಾಶ್ರಯನನ್ನು ಗೆದ್ದು ಬಂದು ದೇವರಿಗೆ ಹೊನ್ನಿನ ಹೂ ಅರ್ಪಿಸುತ್ತಾನೆ. ಇಬ್ಬರೂ ಗೆದ್ದರು! ಹೊಟ್ಟೂರಿನ ಕಲ್ಲಿನಲ್ಲಿರೋ ಹೆಂಗಸರು, ಮಕ್ಕಳು ಆ ಹೂವಿನ ಲೆಕ್ಕದಲ್ಲಿ ಎಲ್ಲೂ ಇಲ್ಲ.

2025ರ ಮೇ ತಿಂಗಳಲ್ಲಿ ಕರಾಚಿ ಬಂದರು ನಾಶವಾಯಿತು ಅಂತ ಕೆಲವು ಟಿವಿ ವಾಹಿನಿಗಳು ಅರಚಿದವು, ಸುದ್ದಿ ಸುಳ್ಳಾಗಿತ್ತು. ಶಾಸನಕವಿಗಾದರೋ ರಾಜನ ಹೊಗಳಿಕೆಯೇ ಕೆಲಸ, ಅವನೆಂದೂ ತನ್ನನ್ನು ವರದಿಗಾರ ಅಂತ ಕರೆದುಕೊಳ್ಳಲಿಲ್ಲ. ಅವನ ಹೊಗಳಿಕೆಯನ್ನು ವರದಿ ಮಾಡಿಕೊಂಡವರು ನಾವು.

ಹಾಗಂತ ಕಲ್ಲನ್ನೇ ಸುಳ್ಳು ಅನ್ನೋದೂ ತಪ್ಪು. ಸಂಖ್ಯೆ ಉಬ್ಬಿದ್ದು ಅಂತ ಸೂರೆ ನಡೆದೇ ಇಲ್ಲ ಅನ್ನೋಕಾಗಲ್ಲ; ಸೂರೆ ನಡೆದಿದ್ದರೂ ಒಂಬತ್ತು ಲಕ್ಷ ನಿಜ ಆಗಲ್ಲ. ಎರಡನ್ನೂ ಬೇರೆ ಬೇರೆ ತೂಗಬೇಕು. ನಮ್ಮ ಪೋಸ್ಟರ್‌ಗಳು ತೂಗೋದಿಲ್ಲ. ಅವು ಸಾವಿರ ವರ್ಷದ ಹಿಂದೆ ಸತ್ತ ಮಕ್ಕಳನ್ನು ಇವತ್ತಿನ ತಮಿಳರ ಮೇಲೆ ಎಸೆಯೋ ಕಲ್ಲು ಮಾಡಿಕೊಂಡಿವೆ.

ನಮ್ಮೂರ ಕಡೆ ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಅದೂ ಸಾವನ್ನು ಸಿಂಗರಿಸುತ್ತೆ, ಒಪ್ಪಿದೆ. ಆದರೆ ಅಲ್ಲಿ ಸತ್ತವನು ಒಬ್ಬ, ಯಾರದೋ ಮನೆಯವನು. ಒಂಬತ್ತು ಲಕ್ಷ ಅಂದಾಗ ಆ ಒಬ್ಬ ಕಾಣೋದಿಲ್ಲ.

ಹೊಟ್ಟೂರಿನ ಪೋಸ್ಟರ್ ಹಂಚುವಾಗ ತಂಜಾವೂರಿನ ಸಾಲನ್ನೂ ಕೆಳಗೆ ಹಾಕಿ. ಶಾಸನ ಓದೋರು ಅಷ್ಟಾದರೂ ಮಾಡಬೇಕು.