ಆನೆ ಬಾಗಿಲ ಮುಂದೆ

ಮಂಡ್ಯ, ಮದ್ದೂರಿನ ಕಡೆಯಿಂದ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಬರುವವರು ಬಾಗಿಲನ್ನೇ ಕಾಣದೆ ಕೋಟೆಯೊಳಗೆ ಇಳಿದುಬಿಡುತ್ತಾರೆ. ಹಳಿ ಹಾಯ್ದಿರುವುದೇ ಕೋಟೆಯ ನಡುವೆ. ರಂಗನಾಥನಿಗೆ ಕೈ ಮುಗಿದು, ಪ್ರಸಾದ ತಿಂದು ಮುಂದಿನ ರೈಲು ಹಿಡಿದರೆ ಪಟ್ಟಣ ನೋಡಿದ ಹಾಗಾಯಿತು ಎನ್ನುವವರೇ ಹೆಚ್ಚು. ಕೋಟೆಯ ರುಚಿ ಹತ್ತಿದವರು ಮಾತ್ರ ದಕ್ಷಿಣಕ್ಕೆ ನಡೆದು, ಹೊರಗೆ ಹೋಗಿ, ಆನೆ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾರೆ.

ಇಲ್ಲಿ ಮೊದಲ ಕೋಟೆ ಎದ್ದದ್ದು 1454ರಲ್ಲಿ, ವಿಜಯನಗರದ ಕಾಲಕ್ಕೆ. ಆನೆ ಬಾಗಿಲು ಮಾತ್ರ ಟಿಪ್ಪುವಿನದು. ಎತ್ತರದ ಕಮಾನು, ಎರಡು ಪಕ್ಕ ಕಾವಲಿನವರ ಕೋಣೆ, ಪರ್ಷಿಯನ್ ಶಾಸನ. ಕಮಾನಿನಡಿ ನಿಂತವರಿಗೆ ಬಿಸಿಲು ಒಮ್ಮೆಗೇ ತಪ್ಪಿ ಹೋಗುತ್ತದೆ. ಗೋಡೆಯ ದಪ್ಪ ಎಷ್ಟೆಂದು ಆಗ ಮೈಗೆ ತಿಳಿಯುತ್ತದೆ.

ಟಿಪ್ಪುವಿನ ಕಾಲದಲ್ಲೇ ದೂರದ ಪ್ರಷ್ಯಾದ ರಾಜ ಬರ್ಲಿನ್ನಿನಲ್ಲಿ ಬ್ರಾಂಡೆನ್‌ಬರ್ಗ್ ಬಾಗಿಲು ಕಟ್ಟಿಸುತ್ತಿದ್ದ. 1788ರಲ್ಲಿ ಶುರುವಾದ ಕೆಲಸ 1791ಕ್ಕೆ ಮುಗಿಯಿತು. ವಾಸ್ತುಶಿಲ್ಪಿ ಲಾಂಗ್‌ಹಾನ್ಸ್ ಗ್ರೀಕರ ಮಾದರಿ ನೋಡಿ ಕಂಬ ನಿಲ್ಲಿಸಿದ. ನೋಡಲು ಅಂದವೇ, ಆದರೆ ಅದು ಸುಂಕದ ಗೋಡೆಯ ಬಾಗಿಲು, ಫಿರಂಗಿ ತಡೆಯಲು ಕಟ್ಟಿದ್ದಲ್ಲ. 1806ರಲ್ಲಿ ಬಂದ ನೆಪೋಲಿಯನ್ ಅದರ ನೆತ್ತಿಯ ಮೇಲಿದ್ದ ರಥವನ್ನೇ ಪ್ಯಾರಿಸ್ಸಿಗೆ ಹೊತ್ತೊಯ್ದ.

ಬರ್ಲಿನ್ನಿನ ಬಾಗಿಲು ಮುಗಿದ 1791ರಲ್ಲೇ ಇತ್ತ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಮದ್ದೂರಿನ ಕೋಟೆ ಕೆಡವಿಸಿದ. ಎಂಟು ವರ್ಷದ ಮೇಲೆ, 1799ರ ಮಾರ್ಚ್ 27ರಂದು, ಮಳವಳ್ಳಿಯ ಬಳಿ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿದ ಬ್ರಿಟಿಷ್ ದಂಡನಾಯಕ ಹ್ಯಾರಿಸ್, ಸೋಸಲೆಯಲ್ಲಿ ಕಾವೇರಿ ದಾಟಿ ಶ್ರೀರಂಗಪಟ್ಟಣದ ಪಶ್ಚಿಮದ ಕಡೆ ಸುತ್ತಿ ಬಂದ. ಮಳೆ ಹಿಡಿಯುವುದಕ್ಕೆ ಮುಂಚೆ ಹೊಳೆಯಲ್ಲಿ ನೀರು ಕಡಿಮೆ. ಯಾವ ಬಾಗಿಲಿನ ಗೊಡವೆಗೂ ಹೋಗದೆ ವಾಯವ್ಯ ಮೂಲೆಯ ಗೋಡೆಗೆ ಗುಂಡು ಹೊಡೆದು ಕಂಡಿ ಮಾಡಿದರು. ಮೇ 4ರ ಮಧ್ಯಾಹ್ನ ಹೊಳೆ ಹಾಯ್ದು ನುಗ್ಗಿದ ಪಡೆಗೆ ಮುಂದಾಳು ಬೇರ್ಡ್, ಹಿಂದೆ ಇದೇ ಪಟ್ಟಣದಲ್ಲಿ ಸೆರೆಯಿದ್ದವನು.

ಅಂದು ಬಾಗಿಲು ಶತ್ರುವಿಗಿಂತ ಒಳಗಿನವರಿಗೇ ಮುಳುವಾಯಿತು. ಉತ್ತರದ ನೀರು ಬಾಗಿಲಿನ ಇಕ್ಕಟ್ಟಿನಲ್ಲಿ ಹಿಂದೆ ಸರಿಯುತ್ತಿದ್ದವರೂ ಅಟ್ಟಿ ಬಂದವರೂ ಸಿಕ್ಕಿಕೊಂಡರು. ಟಿಪ್ಪುವಿನ ದೇಹ ಸಿಕ್ಕಿದ್ದು ಅದರ ಹತ್ತಿರ, ಹೆಣಗಳ ರಾಶಿಯಲ್ಲಿ. ಆ ಜಾಗದಲ್ಲಿ ಈಗೊಂದು ಕಲ್ಲು ನಿಂತಿದೆ.

ಗೆದ್ದವರು ಟಿಪ್ಪುವಿನ ಅರಮನೆ ಲಾಲ್ ಮಹಲನ್ನು ಉಳಿಸಲಿಲ್ಲ. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಹೋದವು. ಬಾಗಿಲುಗಳ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಪಟ್ಟಣವನ್ನು ಓದಲು ಅರಮನೆಯ ಚಿತ್ರಕ್ಕಿಂತ ಈ ಬಾಗಿಲುಗಳೇ ವಾಸಿ.

2017ರಲ್ಲಿ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಕಾಳಜಿ ಒಂದು ಕಟ್ಟಡಕ್ಕೆ ಸಿಕ್ಕಿತು. ಮುಂದಿನ ಸಲ ಪಟ್ಟಣದಲ್ಲಿ ಇಳಿದವರು ಹತ್ತು ನಿಮಿಷ ಆನೆ ಬಾಗಿಲಿಗೂ ಕೊಡಲಿ. ಗಾರೆಯ ಮೇಲೆ ಹೆಸರು ಗೀಚಲು ಬೀಗದ ಕೈ ಮಾತ್ರ ತೆಗೆಯದಿರಲಿ.