ಮುನ್ನೂರು ರಾಮಾಯಣ ಮತ್ತು ಗೈಡ್‌ನ ಹೊಣೆ

ಧರ್ಮದ ಅಧ್ಯಯನಕ್ಕೆ ಇಳಿಯುವ ಎಳೆಯ ಸಂಶೋಧಕರಿಗೆ ಮೊದಲು ಏನು ಓದಿಸಬೇಕು? ನನ್ನ ಉತ್ತರ, ಎ. ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧ. ಪೌಲಾ ರಿಚ್‌ಮನ್ ಸಂಪಾದಿಸಿದ ಇಂಗ್ಲಿಷ್ ಸಂಕಲನದಲ್ಲಿ ಅದು 1991ರಲ್ಲಿ ಅಚ್ಚಾಯಿತು. ರಾಮಾಯಣದ ಬಗ್ಗೆ ಎಷ್ಟು ಕಲಿಸುತ್ತದೋ, ಸಂಶೋಧನೆ ಮಾಡುವ ರೀತಿಯ ಬಗ್ಗೆಯೂ ಅಷ್ಟೇ ಕಲಿಸುವ ಬರಹ ಅದು.

ಒಂದು ಉದಾಹರಣೆ ನೋಡಿ. ರಾಮೇಗೌಡ, ಪಿ. ಕೆ. ರಾಜಶೇಖರ ಮತ್ತು ಎಸ್. ಬಸವಯ್ಯ 1973ರಲ್ಲಿ ಪ್ರಕಟಿಸಿದ ಜನಪದ ರಾಮಾಯಣದಲ್ಲಿ, ಹೆಂಡತಿಗೆ ಕೊಡಬೇಕಿದ್ದ ಮಾವಿನ ತಿರುಳನ್ನು ತಾನೇ ತಿಂದ ರಾವುಳ ಬಸಿರಾಗುತ್ತಾನೆ. ಅವನಿಗೆ ದಿನವೊಂದು ತಿಂಗಳಿದ್ದಂತೆ. ಕೊನೆಗೆ ಅವನು ಸೀತಾಗ ಹುಟ್ಟಿದವಳು ಸೀತೆ. ಸಂಸ್ಕೃತದ ಸೀತೆ ನೇಗಿಲ ಗೆರೆ. ಕನ್ನಡದ ಶ್ಲೇಷೆ ನಮಗೆ ಥಟ್ಟನೆ ಹೊಳೆಯುತ್ತದೆ. ರಾಮಾನುಜನ್ ಇದನ್ನು ವಾಲ್ಮೀಕಿಯ ಕೆಟ್ಟ ನಕಲು ಎನ್ನುವುದಿಲ್ಲ. ಸಂಗ್ರಹಿಸಿದವರ ಹೆಸರು ಹೇಳಿ, ಹಾಡಿನದೇ ತರ್ಕ ಹಿಡಿದು ಓದುತ್ತಾರೆ. ಗೈಡ್ ಆದವರು ಕಲಿಸಬೇಕಾದ ಮೊದಲ ಪಾಠ ಇದೇ.

ಪ್ರಬಂಧಕ್ಕೆ ಕೊರತೆಯೂ ಇದೆ. ಕಥೆಗಳನ್ನು ನಗುನಗುತ್ತಾ ಅಕ್ಕಪಕ್ಕ ಇಡುವ ಲೇಖಕರು, ಯಾವ ಕಥೆಯ ಬೆನ್ನಿಗೆ ಎಷ್ಟು ಬಲವಿದೆ ಎಂಬಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಪ್ರಶ್ನೆ ಅವರು ತೀರಿಕೊಂಡು ಸುಮಾರು ಹದಿನೈದು ವರ್ಷಗಳಾದಾಗ ದೆಹಲಿಯಲ್ಲಿ ಎದುರಾಯಿತು. 2008ರಲ್ಲಿ ಈ ಪಾಠದ ನೆಪದಲ್ಲಿ ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ದಾಂಧಲೆ ನಡೆಯಿತು. ಮುಂದೆ ನೇಮಿಸಿದ ನಾಲ್ವರು ತಜ್ಞರಲ್ಲಿ ಮೂವರು ಪಾಠ ಇರಲಿ ಎಂದರು. ಆದರೂ 2011ರಲ್ಲಿ ಅಕಾಡೆಮಿಕ್ ಕೌನ್ಸಿಲ್ ಅದನ್ನು ಕೈಬಿಟ್ಟಿತು.

ಇದನ್ನು ಕಂಡ ಸಂಶೋಧನಾ ವಿದ್ಯಾರ್ಥಿ ಏನು ಕಲಿತಾನು? ಬಹುಶಃ ವಿಷಯ ಆರಿಸುವಾಗಲೇ ಜಾಣನಾಗುವುದನ್ನು. ಇಲ್ಲೇ ಗೈಡ್‌ನ ಕೆಲಸ ಅಧ್ಯಾಯ ತಿದ್ದುವುದನ್ನು ಮೀರಿ ಬೆಳೆಯುತ್ತದೆ. ಮೂಲ ಆಕರಗಳನ್ನು ಓದಿಸಬೇಕು. ನಂಬುವವರ ಭಾವವನ್ನು ಅಣಕಿಸದೆ ಬರೆಯುವುದನ್ನು ಕಲಿಸಬೇಕು. ಅಪಾಯವನ್ನು ಮುಚ್ಚಿಡದೆ ಹೇಳಬೇಕು. ಆಕ್ಷೇಪ ಬಂದ ದಿನ ಪಕ್ಕದಲ್ಲಿ ನಿಲ್ಲಬೇಕು. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟ ಹಿರಿಯ, ರಿಲೀಸ್ ಕೆಟ್ಟಾಗ ಹೊಸಬನನ್ನು ಒಂಟಿಯಾಗಿ ಮುಂದೆ ತಳ್ಳುವ ಹಾಗಿಲ್ಲ.

ಪಠ್ಯದಿಂದ ಕೈಬಿಟ್ಟ ಪ್ರಬಂಧ ಸುದ್ದಿಯಾದರೂ ಆಗುತ್ತದೆ. ಬೇಕಾದವರು ಹುಡುಕಿ ಓದುತ್ತಾರೆ. ಎಳೆಯ ಸಂಶೋಧಕ ಹೆದರಿ ಕೈಬಿಟ್ಟ ಪ್ರಶ್ನೆಗೆ ಆ ಭಾಗ್ಯವೂ ಇಲ್ಲ. ಅದು ಅವನಿಗೂ ಅವನ ಗೈಡ್‌ಗೂ ಮಾತ್ರ ಗೊತ್ತಿರುತ್ತದೆ.